ದೊಡ್ಡ ಗಾಲಿಯ ಲೆಕ್ಕ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ರಾಯಚೂರು ಸೀಮೆಯಲ್ಲಿ ಗಾಡಿ ಇಟ್ಟವರಿಗೆ ವರ್ಷಕ್ಕೆ ಎರಡೇ ಕಾಲ. ಒಂದು ಧೂಳಿನದು, ಇನ್ನೊಂದು ಕೆಸರಿನದು. ದೇವದುರ್ಗ, ಮಾನ್ವಿ ಕಡೆಯ ಎರೆ ಭೂಮಿಯ ಗುಣ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ನೆಲ, ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಉಬ್ಬಿ ಅಂಟಾಗಿ ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಈ ಮಣ್ಣಿನ ಜೇಡಿ ಕಣಗಳು ಪದರ ಪದರವಾಗಿರುತ್ತವೆ. ಪದರಗಳ ನಡುವೆ ನೀರು ಹೀರಿಕೊಂಡು ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ನೀರು ಹಿಡಿದಿಡುವ ಈ ಗುಣದಿಂದಲೇ ಹತ್ತಿಯೂ ಬಿಳಿಜೋಳವೂ ಇಲ್ಲಿ ಚೆನ್ನಾಗಿ ಬೆಳೆಯುತ್ತವೆ. ಅದೇ ಗುಣದಿಂದ ಗಾಲಿಗಳೂ ಇಲ್ಲಿ ಚೆನ್ನಾಗಿ ಹೂಳುತ್ತವೆ!

ಆದ್ದರಿಂದ ಇಲ್ಲಿಯ ಹುಡುಗನೊಬ್ಬ ಮನೆಯ ಹಳೆಯ ಜೀಪನ್ನು ಎತ್ತರಿಸಿ ದೊಡ್ಡ ಟೈರು ಹಾಕಿಸೋಣ ಎಂದರೆ ಅದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ, ಇಲ್ಲವೇ ಕೊಡಚಾದ್ರಿಗೆ ಹತ್ತುವ ಜೀಪುಗಳನ್ನು ಮೊಬೈಲಿನಲ್ಲಿ ನೋಡಿ ಹುಟ್ಟಿದ ಆಸೆಯೂ ಅದರಲ್ಲಿ ಸ್ವಲ್ಪ ಬೆರೆತಿರುತ್ತದೆ, ನಿಜ. ಆದರೆ ಊರ ದಾರಿಯ ಕೆಸರೂ ಅಷ್ಟೇ ನಿಜ.

ಇಂಥದೇ ಒಂದು ಪಂಚಾಯ್ತಿ ಹಿಂದೊಂದು ಮೇ ತಿಂಗಳಲ್ಲಿ ನನ್ನ ಬಳಿಗೆ ಬಂತು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ರೈತರು, ಜೊತೆಗೆ ಅವರ ಕಿರಿಯ ಮಗ. ಹುಡುಗ ನನ್ನ ಹಳೆಯ ವಿದ್ಯಾರ್ಥಿ, ಆಗ ಡಿಗ್ರಿ ಎರಡನೇ ವರ್ಷ. ಮನೆಯಲ್ಲಿ ತೊಂಬತ್ತರ ದಶಕದ ಒಂದು ಮಹೀಂದ್ರ ಜೀಪು ಇತ್ತು, ಮುಂದೂ ಹಿಂದೂ ಕಮಾನು ಪಟ್ಟಿಯದು.

"ಸರ್, ನಿಮ್ಮ ಕೈಯಾಗ ಕಲ್ತಾನ. ನನ್ನ ಮಾತಂತೂ ಕೇಳಾಂಗಿಲ್ಲ, ನಿಮ್ಮ ಮಾತರ ಕೇಳ್ಯಾನು. ಗಾಡಿಗೆ ಕೈ ಹಚ್ಚಬ್ಯಾಡ ಅಂತ ಒಂದು ಮಾತು ಹೇಳ್ರಿ" ಎಂದರು ತಂದೆ.

ಹುಡುಗ ತಲೆ ತಗ್ಗಿಸಿಯೇ ಉತ್ತರ ಕೊಟ್ಟ. "ಹ್ವಾದ ವರ್ಷ ಅಮ್ಮಗ ಎದಿ ನೋವು ಬಂದಾಗ ಏನಾತು ಕೇಳ್ರಿ ಸರ್. ನಡು ದಾರ್ಯಾಗ ಗಾಡಿ ಹೊಟ್ಟಿ ಹಚ್ಚಿ ಕುಂತ್ಬಿಡ್ತು. ಹೊರಸಿನ ಮ್ಯಾಲೆ ಹೊತ್ಗೊಂಡು ಡಾಂಬರು ರಸ್ತೆ ಮುಟ್ಟಿಸಿದ್ವಿ. ಈಗ ಅತ್ತಿಗಿಗೆ ಆರು ತಿಂಗಳು. ದಿನ ತುಂಬೂದು ಶ್ರಾವಣದಾಗ."

ತಂದೆ ಸುಮ್ಮನಾದರು. ಅವರ ಕಿಸೆಯಲ್ಲಿ ಗ್ಯಾರೇಜಿನವರು ಬರೆದುಕೊಟ್ಟ ಚೀಟಿ ಇತ್ತು. ಮೂರು ಇಂಚು ಎತ್ತರಿಸುವುದು, 31 ಇಂಚಿನ ನಾಲ್ಕು ಟೈರು, ಹೊಸ ರಿಮ್ಮು, ಕೂಲಿ ಬೇರೆ. ಕೆಳಗಿದ್ದ ಮೊತ್ತ ನೋಡಿದರೆ ರೈತನ ಎದೆ ಧಸಕ್ಕೆನ್ನದೆ ಇರದು.

ನಾನು ಬಿ.ಎಸ್ಸಿ., ಬಿ.ಇಡಿ. ಮಾಡಿ ಮೂವತ್ತು ವರ್ಷದ ಹತ್ತಿರ ಬಳಪ ಹಿಡಿದವನು, ಮೆಕ್ಯಾನಿಕ್ ಅಲ್ಲ. ಆದರೂ ಹಾಕಿಸು ಎಂದೋ ಬೇಡ ಎಂದೋ ತೀರ್ಪು ಕೊಡುವ ಮೊದಲು ಲೆಕ್ಕ ಹಾಕಬೇಕಲ್ಲವೆ? ಒಂಬತ್ತು, ಹತ್ತನೇ ತರಗತಿಯ ಗಣಿತ, ಭೌತಶಾಸ್ತ್ರ ಇದಕ್ಕೆ ಸಾಕು. ಕಾಗದ, ಪೆನ್ನು ತರಿಸಿ ಅಪ್ಪ ಮಗ ಇಬ್ಬರನ್ನೂ ಕೂಡಿಸಿಕೊಂಡೆ. ಓದುಗರಲ್ಲಿ ವಿದ್ಯಾರ್ಥಿಗಳಿದ್ದರೆ ನಮ್ಮ ಜೊತೆ ಅವರೂ ಲೆಕ್ಕ ಮಾಡಬಹುದು.

ಮೊದಲು ಟೈರಿನ ಮೈಮೇಲಿನ ಬರಹ. ಜೀಪಿಗಿದ್ದ ಟೈರಿನ ಮೇಲೆ 215/75 ಆರ್ 15 ಎಂದಿತ್ತು. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 75. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ವ್ಯಾಸ, ಇದು ಮಾತ್ರ ಇಂಚಿನಲ್ಲಿ! ಒಂದೇ ಸಾಲಿನಲ್ಲಿ ಎರಡು ಅಳತೆ ಪದ್ಧತಿ. ಗೋಡೆಯ ಎತ್ತರ 161.25 ಮಿ.ಮೀ. ಅದು ಮೇಲೊಂದು, ಕೆಳಗೊಂದು. ರಿಮ್ಮು 15 ಇಂಚು, ಅಂದರೆ 381 ಮಿ.ಮೀ. ಎಲ್ಲ ಕೂಡಿದರೆ ಟೈರಿನ ವ್ಯಾಸ 703.5 ಮಿ.ಮೀ. ಹಾಕಿಸಬೇಕೆಂದಿದ್ದ ಟೈರಿನ ವ್ಯಾಸ 31 ಇಂಚು, ಅಂದರೆ 787 ಮಿ.ಮೀ. ವ್ಯತ್ಯಾಸ 84 ಮಿ.ಮೀ.

"ಹಂಗಾರ ಗಾಡಿ ಎಂಟೂವರೆ ಸೆಂಟಿಮೀಟರ್ ಮ್ಯಾಲೇಳ್ತದ" ಎಂದ ಹುಡುಗ.

ಇಲ್ಲ. ಗಾಡಿಯ ಅಚ್ಚು ಗಾಲಿಯ ನಡುಮಧ್ಯದಲ್ಲಿರುತ್ತದೆ. ವ್ಯಾಸ 84 ಮಿ.ಮೀ. ಹೆಚ್ಚಿದರೆ ಅಚ್ಚು ಮೇಲೇಳುವುದು ಅದರ ಅರ್ಧ, ಅಂದರೆ 42 ಮಿ.ಮೀ. ಮಾತ್ರ. ಇನ್ನು ಪಟ್ಟಿಗಳ ಮೂಲಕ ಎತ್ತರಿಸುವ ಆ ಮೂರು ಇಂಚು? ಪಟ್ಟಿ ಇರುವುದು ಅಚ್ಚಿಗೂ ಗಾಡಿಯ ಚೌಕಟ್ಟಿಗೂ ನಡುವೆ. ಅದನ್ನು ಎತ್ತರಿಸಿದರೆ ಮೇಲಿನ ಮೈ ಏರುತ್ತದೆ, ಅಚ್ಚು ಇದ್ದಲ್ಲೇ ಇರುತ್ತದೆ. ಇಂಥ ಜೀಪಿನಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರವಿರುವುದು ಅಚ್ಚಿನ ನಡುವೆ ಬೋಗುಣಿಯಂತೆ ಉಬ್ಬಿರುವ ಭಾಗ, ಗ್ಯಾರೇಜಿನವರು ಹೌಸಿಂಗ್ ಎನ್ನುವುದು. ಕೆಸರಿನ ದಿಬ್ಬಕ್ಕೆ ಬಡಿದು ಗಾಡಿಯನ್ನು ಕೂಡಿಸಿಬಿಡುವುದು ಅದೇ. ಮೂರು ಇಂಚಿನ ಕೆಲಸ ಅದನ್ನು ಒಂದು ಕೂದಲೆಳೆಯಷ್ಟೂ ಎತ್ತುವುದಿಲ್ಲ. ದೊಡ್ಡ ಟೈರು ಗಾಡಿಯ ಮೈಗೆ ತಾಗದಂತೆ ಜಾಗ ಮಾಡುವುದು, ಚೌಕಟ್ಟಿನ ಹೊಟ್ಟೆಯನ್ನು ಮೇಲಕ್ಕೆತ್ತುವುದು, ಇಷ್ಟೇ ಅದರ ಉಪಯೋಗ.

ಇನ್ನು ವೇಗದ ಲೆಕ್ಕ. ಈ ಹಳೆಯ ಜೀಪಿನ ಮೀಟರಿಗೆ ರಸ್ತೆ ಕಾಣುವುದಿಲ್ಲ. ಗಾಲಿ ಎಷ್ಟು ಸುತ್ತು ತಿರುಗಿತು ಎಂಬುದಷ್ಟೇ ಅದಕ್ಕೆ ಗೊತ್ತು. ಹಳೆಯ ಟೈರು ಒಂದು ಕಿಲೋಮೀಟರಿಗೆ ಸುಮಾರು 452 ಸುತ್ತು ತಿರುಗಿದರೆ, ದೊಡ್ಡ ಟೈರು 404 ಸುತ್ತಿನಲ್ಲೇ ಆ ದೂರ ಮುಗಿಸುತ್ತದೆ. ಆದ್ದರಿಂದ ಮೀಟರು 60 ಎಂದು ತೋರಿಸುವಾಗ ಗಾಡಿ ನಿಜವಾಗಿ 67 ಕಿಲೋಮೀಟರ್ ವೇಗದಲ್ಲಿರುತ್ತದೆ. ಏಳು ಕಿಲೋಮೀಟರ್ ಏನು ಮಹಾ ಎನಿಸಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಪಾಠದಲ್ಲಿ ಓದಿದ್ದೇವಲ್ಲ? 67ನ್ನು 60ರಿಂದ ಭಾಗಿಸಿ ವರ್ಗ ಮಾಡಿ ನೋಡಿ. ಹತ್ತಿರ ಹತ್ತಿರ ಒಂದೂಕಾಲು ಬರುತ್ತದೆ. ಅಂದರೆ ಚಾಲಕನ ಕಣ್ಣಿಗೆ ಅದೇ 60 ಕಾಣುತ್ತಿರುವಾಗ ಬ್ರೇಕು ತಡೆಯಬೇಕಾದ ಶಕ್ತಿ ಶೇಕಡಾ 25ರಷ್ಟು ಹೆಚ್ಚಿರುತ್ತದೆ. ಬ್ರೇಕಾದರೋ ಅದೇ ಹಳೆಯದು. ಗಾಲಿಯ ತ್ರಿಜ್ಯ ಹೆಚ್ಚಿದ್ದರಿಂದ ರಸ್ತೆಯ ಮೇಲೆ ಅಷ್ಟೇ ತಡೆ ಹುಟ್ಟಿಸಲು ಅದು ಮೊದಲಿಗಿಂತ ಶೇಕಡಾ 12ರಷ್ಟು ಬಿಗಿಯಾಗಿ ಹಿಡಿಯಬೇಕು. ಎಳೆಯುವ ಬಲದ ಕತೆಯೂ ಇದೇ. ಎಂಜಿನ್ ಅದೇ, ಗೇರು ಅದೇ, ಸನ್ನೆಗೋಲು ಮಾತ್ರ ಉದ್ದವಾಯಿತು. ಕೆಸರಿನಲ್ಲಿ ಎಳೆಯಲೆಂದು ಹಾಕಿದ ಗಾಲಿ ಎಳೆಯುವ ಬಲದಲ್ಲೇ ಹತ್ತಿರ ಹತ್ತಿರ ಒಂಬತ್ತನೇ ಒಂದು ಪಾಲನ್ನು ತಿಂದುಹಾಕುತ್ತದೆ.

ಎಲ್ಲಕ್ಕಿಂತ ದೊಡ್ಡದು ಉರುಳುವ ಲೆಕ್ಕ. ನಮ್ಮ ಕಡೆ ಬಂಡಿ ಹೂಡುವವರಿಗೆ ಇದು ಪುಸ್ತಕವಿಲ್ಲದೆ ಗೊತ್ತು. ಕಲ್ಲು ಹೇರಿದ ಬಂಡಿ ಓರೆ ದಾರಿಯಲ್ಲಿ ನಿಧಾನಕ್ಕೆ ಹೋದರೂ ಮಗುಚುವುದು ಕಡಿಮೆ. ಅದಕ್ಕಿಂತ ಎಷ್ಟೋ ಹಗುರವಾದ ಜೋಳದ ಸೊಪ್ಪೆಯ ಬಂಡಿ ಒಂದು ಗಾಲಿ ತಗ್ಗಿಗೆ ಇಳಿದರೆ ಸಾಕು, ಮಗುಚಿಬಿಡುತ್ತದೆ. ಕಾರಣ ಗುರುತ್ವ ಕೇಂದ್ರದ ಎತ್ತರ. ಭಾರವೆಲ್ಲ ಒಂದೇ ಬಿಂದುವಿನಲ್ಲಿದೆ ಎಂದು ಭಾವಿಸಬಹುದಾದ ಆ ಕೇಂದ್ರದಿಂದ ನೇರ ಕೆಳಗಿಳಿಸಿದ ಗೆರೆ ಎರಡು ಗಾಲಿಗಳ ನಡುವೆ ಬಿದ್ದಿರುವವರೆಗೆ ಗಾಡಿ ನಿಂತಿರುತ್ತದೆ. ಗೆರೆ ಗಾಲಿಯ ಆಚೆ ಹೋಯಿತೋ, ಮಗುಚಿತು.

ರಾಯಚೂರಿನ ಕೋಟೆಯನ್ನು ನೋಡಲು ಹೋದ ಮಕ್ಕಳು ಅಲ್ಲಿಯ ಗೋಡೆಯಲ್ಲಿರುವ ದೊಡ್ಡ ಕಲ್ಲನ್ನು ನೋಡಿರಬಹುದು. ಉದ್ದ 41 ಅಡಿಗೂ ಹೆಚ್ಚು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ಸಂಗತಿಯ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಉದ್ದ ಸಾಲು ಎಳೆದು ತರುವ ಚಿತ್ರವನ್ನೂ ಪಕ್ಕದಲ್ಲೇ ಕೆತ್ತಿದ್ದಾರೆ. ಹಿಂದಿನಿಂದ ಗಾಲಿಗೆ ಸನ್ನೆ ಕೊಡುವ ಜನರೂ ಅದರಲ್ಲಿದ್ದಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ಚಿತ್ರದ ಮುಂದೆ ನಿಲ್ಲಿಸಿ, ಕಲ್ಲನ್ನು ನಿಲ್ಲಿಸಿ ತರದೆ ಮಲಗಿಸಿ ತಂದದ್ದು ಯಾಕೆ ಎಂದು ಕೇಳುತ್ತೇನೆ. ಉತ್ತರ ಹೇಳುವ ಮಕ್ಕಳಿಗೆ ಗುರುತ್ವ ಕೇಂದ್ರದ ಪಾಠವನ್ನು ಮತ್ತೆ ಮಾಡಬೇಕಾಗಿಲ್ಲ.

ಜೀಪಿಗೆ ಬರೋಣ. ಎಡಬಲ ಗಾಲಿಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಸ್ಥಿರತೆಯ ಅಂಕ ಎನ್ನೋಣ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯವರು 2001ರಿಂದ ಇದೇ ಅಂಕದ ಮೇಲೆ ವಾಹನಗಳು ಉರುಳುವ ಸಂಭವವನ್ನು ತೂಗಿ ಜನರಿಗೆ ತಿಳಿಸತೊಡಗಿದರು. ಸಾಮಾನ್ಯ ಕಾರುಗಳಿಗೆ ಈ ಅಂಕ 1.3ರಿಂದ 1.5. ಎತ್ತರದ ವಾಹನಗಳಿಗೆ 1.0ರಿಂದ 1.3. ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ನಮ್ಮ ಜೀಪಿನ ಗಾಲಿಗಳ ಅಂತರ 130 ಸೆಂ.ಮೀ., ಗುರುತ್ವ ಕೇಂದ್ರದ ಎತ್ತರ 65 ಸೆಂ.ಮೀ. ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅಂಕ ಸರಿಯಾಗಿ 1. ಮೂರು ಇಂಚಿನ ಎತ್ತರಿಕೆ 76 ಮಿ.ಮೀ., ಟೈರಿನದು 42. ಗಾಡಿಯ ಮೈ ಒಟ್ಟು 118 ಮಿ.ಮೀ. ಮೇಲೇಳುತ್ತದೆ. ಅಚ್ಚು, ಗಾಲಿಗಳು ಅಷ್ಟು ಏರುವುದಿಲ್ಲವಾದ್ದರಿಂದ ಒಟ್ಟು ಗುರುತ್ವ ಕೇಂದ್ರ 10 ಸೆಂ.ಮೀ. ಏರಿತು ಎನ್ನೋಣ. ಈಗ ಅಂಕ 0.87. ಓರೆಯಾಗಿ ನಿಲ್ಲಿಸಿದರೆ ಮೊದಲು 45 ಡಿಗ್ರಿಗೆ ಮಗುಚುತ್ತಿದ್ದ ಗಾಡಿ ಈಗ 41 ಡಿಗ್ರಿಗೇ ಮಗುಚುತ್ತದೆ. ನಾಲ್ಕೇ ಡಿಗ್ರಿ ಎಂದು ಸಮಾಧಾನ ಪಡುವ ಮುನ್ನ ತಿರುವಿನ ಲೆಕ್ಕವನ್ನೂ ನೋಡಬೇಕು.

30 ಮೀಟರ್ ತ್ರಿಜ್ಯದ ಒಂದು ತಿರುವಿನಲ್ಲಿ ಮೊದಲಿನ ಜೀಪು ಮಗುಚುವ ಹಂತಕ್ಕೆ ಬರುವುದು ಗಂಟೆಗೆ ಸುಮಾರು 62 ಕಿ.ಮೀ. ವೇಗದಲ್ಲಿ. ಎತ್ತರಿಸಿದ ಮೇಲೆ ಅದು ಸುಮಾರು 57ಕ್ಕೆ ಇಳಿಯುತ್ತದೆ. ಇನ್ನು ಮೀಟರಿನ ಸುಳ್ಳನ್ನು ಇದಕ್ಕೆ ಸೇರಿಸಿ. 57ರಲ್ಲಿ ಓಡುವ ಗಾಡಿಯ ಮೀಟರು ತೋರಿಸುವುದು 51. ಇಷ್ಟು ವರ್ಷ 62ರವರೆಗೂ ಅಂಜದೆ ತಿರುಗಿಸಿದ ಚಾಲಕನಿಗೆ 51 ಕಾಣುವಾಗಲೇ ಒಳಗಿನ ಗಾಲಿ ನೆಲ ಬಿಡುತ್ತದೆ. ಹಿಂದೆ ಕುಳಿತವರು ಎಷ್ಟು ಮಂದಿ, ಟಾಪಿನ ಮೇಲೆ ಎಷ್ಟು ಚೀಲ ಎಂಬುದು ಇದರಲ್ಲಿ ಸೇರಿಲ್ಲ. ಸಡಿಲ ಮಣ್ಣಿನಲ್ಲಿ ಗಾಡಿ ಮಗುಚುವ ಬದಲು ಜಾರಬಹುದು, ಅದು ನಿಜ. ಆದರೆ ಜಾರುವ ಗಾಲಿ ರಸ್ತೆಯ ಅಂಚಿಗೋ ಗಾಲಿ ಜಾಡಿಗೋ ಸಿಕ್ಕಿತೆಂದರೆ ಎಡವಿದ ಮನುಷ್ಯನಂತೆ ಗಾಡಿ ಬೀಳುತ್ತದೆ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಅವುಗಳ ಏರಿಯ ಮೇಲೆ ಓಡಾಡುವವರು ಈ ಮಾತನ್ನು ಮರೆಯಬಾರದು. ಅಲ್ಲಿ ರಸ್ತೆಯ ಒಂದು ಪಕ್ಕದಲ್ಲಿ ನೀರೇ ಇರುತ್ತದೆ.

ಇಷ್ಟು ಕೇಳಿ ತಂದೆಯ ಮುಖ ಅರಳಿತು, ಮಗನದು ಬಾಡಿತು. ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಶ್ರಾವಣ ಬರುವುದಂತೂ ತಪ್ಪುವುದಿಲ್ಲ, ದಾರಿಯ ಕೆಸರೂ ತಪ್ಪುವುದಿಲ್ಲ. ಬೇಡ ಎಂದಷ್ಟೇ ಹೇಳಿ ಕಳಿಸಿದರೆ ಆ ಮನೆಯ ಸೊಸೆಯನ್ನೂ ಹೊರಸಿನ ಮೇಲೆ ಹೊರಬೇಕಾದೀತು. ಮುಂದಿನ ಭಾನುವಾರ ಅಳತೆಯ ಟೇಪು ಹಿಡಿದು ಅವರ ಊರಿಗೇ ಹೋದೆ.

ಡಾಂಬರು ರಸ್ತೆಯಿಂದ ಊರಿಗೆ ಮೂರು ಕಿಲೋಮೀಟರ್. ಪೂರ್ತಿ ದಾರಿ ಕೆಟ್ಟದ್ದಲ್ಲ. ಗಾಡಿ ಕೂಡುವುದು ಎರಡೇ ಕಡೆ, ಹೊಲದ ನೀರು ದಾರಿಗೆ ಹರಿಯುವ ತಗ್ಗುಗಳಲ್ಲಿ. ನೆಲ್ಲು ಗದ್ದೆಗೆ ಕೆಸರು ಮಾಡಲು ಹೋಗುವ ಟ್ರ್ಯಾಕ್ಟರುಗಳು ಕಬ್ಬಿಣದ ಕೇಜ್ ವ್ಹೀಲ್ ಸಮೇತ ಓಡಾಡಿ ಅಲ್ಲಿ ಆಳವಾದ ಜಾಡು ಕೊರೆದಿದ್ದವು. ಬೇಸಿಗೆಯಾದ್ದರಿಂದ ಜಾಡು ಕಲ್ಲಿನಂತೆ ಒಣಗಿ ಅಳತೆಗೆ ಸಿಕ್ಕಿತು. ಆಳ 35 ಸೆಂ.ಮೀ. ಜೀಪಿನ ಹೌಸಿಂಗಿನ ಕೆಳಗೆ ಟೇಪು ಹಿಡಿದರೆ 19 ಸೆಂ.ಮೀ. ದೊಡ್ಡ ಟೈರು ಹಾಕಿದರೆ ಅದು 23 ಆದೀತು. ಹುಡುಗ ಎರಡೂ ಅಂಕಿಗಳನ್ನು ತಾನೇ ಬರೆದುಕೊಂಡು ನೋಡಿದ. 35ರ ಜಾಡಿನಲ್ಲಿ 19 ಆದರೂ ಕೂಡುತ್ತದೆ, 23 ಆದರೂ ಕೂಡುತ್ತದೆ.

"ಅಷ್ಟು ರೊಕ್ಕ ಹಾಕಿದ್ರೂ ಇಲ್ಲೇ ಕುಂದ್ರತಿತ್ತಲ್ರೀ ಸರ್" ಎಂದ. ನಾನೇನೂ ಹೇಳಬೇಕಾಗಲಿಲ್ಲ.

ಆಮೇಲೆ ಜೀಪಿನ ಕೆಳಗೆ ಬಗ್ಗಿ ನೋಡಿದೆವು. ಕಮಾನು ಪಟ್ಟಿ ಎಂಬ ಹೆಸರೇ ಹೇಳುವಂತೆ ಅದು ಬಿಲ್ಲಿನಂತೆ ಬಾಗಿರಬೇಕು. ಇಲ್ಲಿ ವರ್ಷಾನುಗಟ್ಟಲೆ ಹತ್ತಿ ಚೀಲ ಹೊತ್ತು ಹಿಂದಿನ ಪಟ್ಟಿಗಳು ಚಪ್ಪಟೆಯಾಗಿದ್ದವು, ಒಂದರಲ್ಲಿ ಒಂದು ಎಲೆ ಮುರಿದೇ ಇತ್ತು. ಕಂಪನಿಯವರು ಕೊಟ್ಟ ಎತ್ತರವನ್ನೇ ಗಾಡಿ ಕಳೆದುಕೊಂಡಿತ್ತು. ಹೊಸ ಎತ್ತರ ಕೊಡುವ ಮಾತು ಆಮೇಲಿನದು, ಮೊದಲು ಇದ್ದ ಎತ್ತರ ಮರಳಿ ಬರಬೇಕಿತ್ತು. ಮೂಲ ಅಳತೆಯ ಹೊಸ ಪಟ್ಟಿ, ಹೊಸ ಬುಷ್, ಹೊಸ ಯೂ ಬೋಲ್ಟು ಹಾಕಿಸಿದಾಗ ಹಿಂಭಾಗ ನಾಲ್ಕು ಸೆಂಟಿಮೀಟರಿನಷ್ಟು ಮೇಲೆ ಬಂತು. ಚೌಕಟ್ಟಿನ ಹೊಟ್ಟೆ ನೆಲದಿಂದ ದೂರವಾಯಿತು. ಖರ್ಚು ಆ ಚೀಟಿಯ ಮೊತ್ತದ ಒಂದು ಸಣ್ಣ ಪಾಲು.

ಅಗ್ಗದಲ್ಲಿ ಎತ್ತರಿಸುವ ದಾರಿಗಳೂ ಇವೆ. ಅಚ್ಚಿಗೂ ಪಟ್ಟಿಗೂ ನಡುವೆ ಕಬ್ಬಿಣದ ತುಂಡು ಇಡುವುದು, ಲಾರಿಯ ಪಟ್ಟಿಯ ಎಲೆ ಸೇರಿಸುವುದು, ಪಟ್ಟಿಯ ತುದಿಯ ಶಾಕಲ್ ಉದ್ದ ಮಾಡುವುದು. ಇವುಗಳ ಪರಿಣಾಮ ಕಣ್ಣಿಗೆ ಕಾಣದ ಕಡೆ ಆಗುತ್ತದೆ. ಮುಂದಿನ ಶಾಕಲ್ ಉದ್ದವಾದರೆ ಮುಂದಿನ ಅಚ್ಚು ಸ್ವಲ್ಪ ಹೊರಳುತ್ತದೆ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವುದರಿಂದಲೇ ಕೈ ಬಿಟ್ಟರೂ ಅದು ನೇರ ಹೋಗಲು ನೋಡುತ್ತದೆ. ಜೀಪಿನ ಮುಂಗಾಲಿಗೂ ಅಂಥ ಓರೆ ಇದೆ. ಅದು ತಪ್ಪಿದರೆ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅತ್ತಿತ್ತ ಅಲೆಯುತ್ತದೆ. ಚೌಕಟ್ಟಿಗೂ ಅಚ್ಚಿಗೂ ಅಂತರ ಹೆಚ್ಚಿದಾಗ ಬ್ರೇಕ್ ಎಣ್ಣೆಯ ರಬ್ಬರ್ ಪೈಪು ಸಾಲದಾಗುತ್ತದೆ. ಗಾಲಿಯೊಂದು ತಗ್ಗಿಗೆ ಇಳಿದಾಗ ಅದು ಎಳೆದು ಹರಿದರೆ ಬ್ರೇಕಿನ ಗತಿ ಏನೆಂದು ನೀವೇ ಯೋಚಿಸಿ. ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗಿ ಅದರ ತುದಿಯ ಕ್ರಾಸುಗಳು ಬೇಗ ಸವೆಯುತ್ತವೆ. ತಿಳಿದ ಮೆಕ್ಯಾನಿಕ್ ಇವನ್ನೆಲ್ಲ ಸರಿಹೊಂದಿಸಿಯೇ ಎತ್ತರಿಸುತ್ತಾನೆ. ಆದರೆ ಆಗ ಖರ್ಚೂ ಅಷ್ಟೇ ಏರುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಿಗದಿ ಮಾಡಿದ, ಆರ್.ಸಿ.ಯಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ಆರ್.ಟಿ.ಓ. ಮುಂದೆ ನಿಲ್ಲಿಸಲೇಬೇಕು. ಮುಂದೆಯೂ ಐದೈದು ವರ್ಷಕ್ಕೊಮ್ಮೆ ಅದೇ ಪರೀಕ್ಷೆ. ಅಪಘಾತವಾದಾಗ ವಿಮೆಯವರ ಪ್ರಶ್ನೆಗಳೂ ಇರುತ್ತವೆ.

ಇನ್ನು ಹುಡುಗನ ಪಾಲಿನದನ್ನು ಹೇಳಬೇಕು. ಕೆಸರಿಗೆ ಬಂದಾಗ ಟೈರಿನ ಗಾಳಿ ಇಳಿಸುವ ಉಪಾಯ ಹೇಳಿದವನು ಅವನೇ. ಅದರ ಲೆಕ್ಕ ನಾನು ಮಾಡಿಕೊಟ್ಟೆ. ಜೀಪು, ಜನ ಎಲ್ಲ ಸೇರಿ 1600 ಕಿಲೋ ಎಂದುಕೊಂಡರೆ ಒಂದು ಗಾಲಿಯ ಮೇಲೆ 400 ಕಿಲೋ. ಟೈರಿನಲ್ಲಿ 30 ಪೌಂಡ್ ಗಾಳಿ ಇದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡ. 400ನ್ನು 2.1ರಿಂದ ಭಾಗಿಸಿದರೆ ಗಾಲಿ ನೆಲಕ್ಕೆ ಊರುವ ಜಾಗ ಸುಮಾರು 190 ಚದರ ಸೆಂ.ಮೀ. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಆ ಜಾಗ 315 ಚದರ ಸೆಂ.ಮೀ. ಆಗುತ್ತದೆ. ಇದು ಸ್ಥೂಲ ಲೆಕ್ಕ, ಟೈರಿನ ಗೋಡೆಯ ಬಿಗಿಯನ್ನು ಇದರಲ್ಲಿ ಹಿಡಿದಿಲ್ಲ. ಆದರೂ ಅರ್ಥ ಸ್ಪಷ್ಟ. ಊರುವ ಜಾಗ ಹೆಚ್ಚಾದಷ್ಟೂ ಗಾಲಿ ಹೂಳುವುದು ಕಡಿಮೆ. ಇದೇ ಲೆಕ್ಕದ ಪ್ರಕಾರ ದೊಡ್ಡ ಟೈರಿನಲ್ಲೂ 30 ಪೌಂಡ್ ಗಾಳಿಯನ್ನೇ ತುಂಬಿದರೆ ಊರುವ ಜಾಗ ಅಷ್ಟೇ ಇರುತ್ತದೆ! ಒಂದು ಮಾತು ಮಾತ್ರ ನೆನಪಿರಬೇಕು. ಗಾಳಿ ಇಳಿಸಿದ ಟೈರಿನಲ್ಲಿ ನಿಧಾನಕ್ಕೇ ಹೋಗಬೇಕು, ಡಾಂಬರು ರಸ್ತೆ ಮುಟ್ಟಿದ ಕೂಡಲೇ ಮತ್ತೆ ತುಂಬಿಸಬೇಕು. ಇಲ್ಲದಿದ್ದರೆ ಟೈರು ಕಾದು ಒಡೆದೀತು. ಅದಕ್ಕೆಂದು ಒಂದು ಪಂಪು, ಗಾಳಿ ಅಳೆಯುವ ಒಂದು ಗೇಜು ಕೊಂಡರು. ಮೂಲ ಅಳತೆಯವೇ ಆದ, ಒಳ್ಳೆ ಹಲ್ಲಿರುವ ನಾಲ್ಕು ಹೊಸ ಟೈರನ್ನೂ ಹಾಕಿಸಿದರು. ಟಾಪಿನ ಮೇಲಿದ್ದ ಭಾರದ ಕಬ್ಬಿಣದ ಕ್ಯಾರಿಯರನ್ನು ಬಿಚ್ಚಿಸಿದರು.

ಉಳಿದದ್ದು ಎರಡು ತಗ್ಗು. ಉಳಿದ ಹಣದಲ್ಲಿ ಒಂದು ಪಾಲನ್ನು ತಂದೆ ತಾವೇ ಹಾಕಿದರು, ಅದೇ ದಾರಿ ಬಳಸುವ ಅಕ್ಕಪಕ್ಕದ ಹೊಲದವರು ಟ್ರ್ಯಾಕ್ಟರ್ ಕೊಟ್ಟರು. ಮಳೆ ಹಿಡಿಯುವ ಮೊದಲೇ ಜಾಡು ಮುಚ್ಚಿ ಮರಂ ಹಾಕಿ, ನೀರು ಪಕ್ಕಕ್ಕೆ ಹೋಗಲು ಒಂದು ಪೈಪು ಹೂಳಿದರು. ಮೊದಲು ಇದಕ್ಕೆ ಯಾರೂ ಕೈ ಹಾಕದೆ ಇದ್ದುದಕ್ಕೆ ಕಾರಣ, ಪೂರ್ತಿ ಮೂರು ಕಿಲೋಮೀಟರ್ ಕೆಟ್ಟಿದೆ ಎಂದು ಎಲ್ಲರೂ ನಂಬಿದ್ದು. ಟೇಪು ಹಿಡಿದು ನೋಡಿದರೆ ಕೆಟ್ಟದ್ದು ಎರಡೂ ಕೂಡಿ ನೂರು ಮೀಟರಿಗಿಂತ ಕಡಿಮೆ.

ಆ ಶ್ರಾವಣದಲ್ಲಿ ಒಂದು ರಾತ್ರಿ ಹುಡುಗ ಫೋನು ಮಾಡಿದ. ಮಳೆ ಹಿಡಿದಿತ್ತು. ಅತ್ತಿಗೆಯನ್ನು ದೇವದುರ್ಗದ ಆಸ್ಪತ್ರೆಗೆ ಮುಟ್ಟಿಸಿ ಅಲ್ಲಿಂದಲೇ ಮಾತಾಡುತ್ತಿದ್ದ. ಎಲ್ಲಿಯೂ ಇಳಿಸಿ ನಡೆಸಲಿಲ್ಲ, ಎರಡನೇ ತಗ್ಗಿನಲ್ಲಿ ಮಾತ್ರ ಗಾಳಿ ಇಳಿಸಬೇಕಾಯಿತು ಎಂದ. ಬೆಳಗಿನ ಜಾವ ಹೆಣ್ಣುಮಗು ಹುಟ್ಟಿದ ಸುದ್ದಿಯನ್ನು ತಂದೆಯೇ ತಿಳಿಸಿದರು.

ತಂದೆ ತಾಯಂದಿರಿಗೆ ಒಂದು ಮಾತು. ವಯಸ್ಸಿಗೆ ಬಂದ ಮಕ್ಕಳು ಏನಾದರೂ ಕೇಳಿದಾಗ ಬೇಡ ಎನ್ನುವುದು ಸುಲಭ. ಕಾರಣವಿಲ್ಲದ ಬೇಡ ಎಂಬ ಮಾತು ಹುಡುಗನನ್ನು ಕದ್ದು ಮಾಡುವ ದಾರಿಗೆ ಹಚ್ಚುತ್ತದೆ. ಕದ್ದು ಮಾಡಿಸಿದ ಕೆಲಸ ಅಗ್ಗದ ಕಬ್ಬಿಣದ ತುಂಡಿನ ಕೆಲಸವೇ ಆಗಿರುತ್ತದೆ. ಅವನ ಕೋರಿಕೆಯ ಹಿಂದೆ ಇರುವ ಕಷ್ಟ ಏನೆಂದು ಮೊದಲು ಕೇಳಿ. ಈ ಮನೆಯಲ್ಲಿ ಹುಡುಗ ಕೇಳಿದ್ದು ದೊಡ್ಡ ಗಾಲಿ, ಅವನ ಮನಸ್ಸಿನಲ್ಲಿದ್ದದ್ದು ಹೊರಸಿನ ಮೇಲೆ ಮಲಗಿದ್ದ ಅಜ್ಜಿ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಒಂದು ಖಾಲಿ ಚಪ್ಪಲಿ ಡಬ್ಬಿ ತೆಗೆದುಕೊಳ್ಳಿ. ಒಳಗೆ ತಳಕ್ಕೆ ಒಂದು ಕಲ್ಲನ್ನು ಅಂಟು ಪಟ್ಟಿಯಿಂದ ಬಿಗಿಯಿರಿ. ಒಂದು ಹಲಗೆಯ ಮೇಲೆ ಉಪ್ಪುಕಾಗದ ಹಾಸಿ, ಅದರ ಮೇಲೆ ಡಬ್ಬಿಯನ್ನು ಅಡ್ಡಲಾಗಿಡಿ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಡಬ್ಬಿ ಜಾರದಂತೆ ಅದರ ಕೆಳ ಅಂಚಿಗೆ ಒಂದು ಪೆನ್ಸಿಲ್ ಅಡ್ಡ ಕೊಡಿ. ಡಬ್ಬಿ ಮಗುಚುವ ಕೋನವನ್ನು ಕೋನಮಾಪಕದಿಂದ ಅಳೆದು ಬರೆದುಕೊಳ್ಳಿ. ಆಮೇಲೆ ಅದೇ ಕಲ್ಲನ್ನು ಡಬ್ಬಿಯ ಮುಚ್ಚಳದ ಮೇಲೆ ಬಿಗಿದು ಮತ್ತೆ ಅಳೆಯಿರಿ. ಡಬ್ಬಿ ಅದೇ, ಕಲ್ಲು ಅದೇ, ಕೋನ ಮಾತ್ರ ಬೇರೆ ಬರುತ್ತದೆ. ಎರಡೂ ಅಂಕಿಗಳನ್ನು ಮನೆಯಲ್ಲಿ ಗಾಡಿ ಓಡಿಸುವವರಿಗೆ ತೋರಿಸಿ. ಟಾಪಿನ ಮೇಲೆ ಇನ್ನೆರಡು ಚೀಲ ಹೇರುವ ಮೊದಲು ಅವರು ಒಮ್ಮೆ ಯೋಚಿಸಿದರೂ ನಿಮ್ಮ ಪ್ರಯೋಗ ಸಾರ್ಥಕ.